ಮಲೆಯ ಹೂಳು, ಮಾನ್ವಿಯ ಭತ್ತ

ಮಾನ್ವಿ ಕಡೆ ಎರಡನೇ ಬೆಳೆಗೆ ಭತ್ತದ ಸಸಿ ಮಡಿ ಹಾಕಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಊರಿನ ಮಳೆಯಲ್ಲ, ಹೊಸಪೇಟೆಯ ಅಣೆಕಟ್ಟೆಯಲ್ಲಿ ಉಳಿದಿರುವ ನೀರು. ಅಲ್ಲಿಂದ ಹೊರಟ ತುಂಗಭದ್ರಾ ಎಡದಂಡೆ ನಾಲೆ 227 ಕಿ.ಮೀ. ಉದ್ದ. ಮಾನ್ವಿ, ರಾಯಚೂರು ಅದರ ಕೊನೆ ಭಾಗ. ರಾಯಚೂರು ನಗರದ ಕುಡಿಯುವ ನೀರಿನ ರಾಂಪುರ ಕೆರೆಗೂ ಇದೇ ನಾಲೆ ಆಸರೆ.

1953ರಲ್ಲಿ ಈ ಜಲಾಶಯಕ್ಕೆ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು 105ರ ಆಸುಪಾಸು. ಉಳಿದ ಜಾಗವನ್ನು ಹೂಳು ತುಂಬಿದೆ. ನದಿ ಹುಟ್ಟುವ ಮಲೆನಾಡಿನ ಕಾಡಿನ ನೆಲದಲ್ಲಿ ತರಗೆಲೆ ಮಳೆಹನಿಯ ಪೆಟ್ಟನ್ನು ತಡೆಯುತ್ತದೆ, ನೀರು ನಿಧಾನ ಇಂಗುತ್ತದೆ. ಇಳಿಜಾರನ್ನು ಬೋಳಿಸಿ ಅಗೆದರೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಹಾಗಂತ ತಪ್ಪನ್ನೆಲ್ಲ ಮಲೆನಾಡಿನ ಮೇಲೆ ಹೊರಿಸಲಾಗದು. 2005ರ ಕೊನೆಗೆ ನಿಂತ ಕುದುರೆಮುಖದ ಗಣಿ ಭದ್ರೆಗೆ ಸುರಿದ ಮಣ್ಣಿನ ಬಹುಪಾಲು ಹೊಸಪೇಟೆಗಿಂತ ಮೇಲಿನ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲೇ ತಂಗಿದೆ. ಹೊಸಪೇಟೆಯ ಹೂಳಿನಲ್ಲಿ ಹಾವೇರಿ, ದಾವಣಗೆರೆ ಕಡೆಯ ಉಳುಮೆ ಹೊಲಗಳ ಪಾಲೂ ಇದೆ.

ಹೂಳಿನಿಂದ ನದಿಯ ನೀರೇನೂ ಕಡಿಮೆಯಾಗುವುದಿಲ್ಲ, ಕೂಡಿಡುವ ಜಾಗ ಕಡಿಮೆಯಾಗುತ್ತದೆ. ಮುಂಗಾರಿನಲ್ಲಿ ಅಣೆಕಟ್ಟೆಯ ಕ್ರೆಸ್ಟ್ ಗೇಟ್ ದಾಟಿ ಹೋದದ್ದು ಕೆಳಗಿನ ಶ್ರೀಶೈಲ ಜಲಾಶಯದ ಪಾಲು. ಏಟು ಬೀಳುವುದು ಬೇಸಿಗೆ ಬೆಳೆಗೆ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಒಂದು ಬೆಳೆ ಭತ್ತಕ್ಕೆ ಹೊಲದಲ್ಲಿ 1.2 ಮೀಟರ್ ನೀರು ಬೇಕೆಂದು ಹಿಡಿದರೆ, ಅದರಲ್ಲಿ ಬೆಳೆಯುವುದು 5,800 ಎಕರೆ. ನಾಲೆಯಲ್ಲಿ ಸೋರುವುದನ್ನು ಬಿಟ್ಟ ಲೆಕ್ಕ ಇದು. ಕಳೆದುಹೋದ ಸುಮಾರು 27 ಟಿಎಂಸಿಗೆ ಒಂದೂವರೆ ಲಕ್ಷ ಎಕರೆ ಮೀರುತ್ತದೆ. ಜೋಳವಾದರೆ ಅದರ ಅರ್ಧಕ್ಕಿಂತ ಕಡಿಮೆ ನೀರು ಸಾಕು.

ಆದರೆ ನೆಲದ ಬಳಕೆ ಬದಲಾದದ್ದು ಮಲೆನಾಡಿನಲ್ಲಿ ಮಾತ್ರವಲ್ಲ, ನಾಲೆಯ ಬಯಲಿನಲ್ಲೂ. ಯೋಜನೆಯಲ್ಲಿ ಹೆಚ್ಚಿನ ಭೂಮಿಗೆ ಗೊತ್ತುಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆ. ನೀರು ಬಂದ ಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ರೈಸ್ ಮಿಲ್ಲುಗಳು ಬಂದವು, ಸೋನಾ ಮಸೂರಿಗೆ ಮಾರುಕಟ್ಟೆ ಸಿಕ್ಕಿತು. ಕೈಗೆ ದುಡ್ಡು ಬರುವ ಬೆಳೆ ಬಿಡಿ ಅಂದರೆ ಯಾರು ಬಿಟ್ಟಾರು? ನಾಲೆಯ ಮೇಲ್ಭಾಗದ ಗಂಗಾವತಿ, ಸಿಂಧನೂರಿನಲ್ಲಿ ಗದ್ದೆ ತುಂಬಿದಷ್ಟೂ ಕೊನೆ ಭಾಗದ ಉಪಕಾಲುವೆ ಒಣಗಿತು.

ಹೆಚ್ಚು ನೀರು ಸಿಕ್ಕವರಿಗೂ ಸುಖವಿಲ್ಲ. ಎರೆ ಮಣ್ಣಿನ ಜೇಡಿ ಕಣಗಳು ನೆನೆದು ಉಬ್ಬಿದಾಗ ನೀರು ಕೆಳಗಿಳಿಯದು. ಅಂತರ್ಜಲ ಬೇರಿನ ಮಟ್ಟಕ್ಕೆ ಬರುತ್ತದೆ, ಬತ್ತಿ ಎಣ್ಣೆ ಎಳೆದಂತೆ ಮಣ್ಣು ಉಪ್ಪುನೀರನ್ನು ಮೇಲೆಳೆಯುತ್ತದೆ, ಬಿಸಿಲಿಗೆ ನೀರು ಆರಿ ಬಿಳಿ ಉಪ್ಪು ಉಳಿಯುತ್ತದೆ. ಇದೇ ಸವಳು-ಜವಳು. ಮಣ್ಣಿನಡಿ ರಂಧ್ರವಿರುವ ಪೈಪು ಹೂತು ಉಪ್ಪುನೀರನ್ನು ಬಸಿದು ತೆಗೆಯಬಹುದು, ಗಂಗಾವತಿ ಭಾಗದಲ್ಲಿ ತೆಗೆದೂ ಇದ್ದಾರೆ. ಖರ್ಚು ಒಬ್ಬ ರೈತನ ಕೈಮೀರಿದ್ದು. ಬಸಿದ ನೀರು ಮತ್ತೆ ಹಳ್ಳಕ್ಕೇ ಹೋಗುತ್ತದೆ.

ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ನಾಲೆ ಬಂದದ್ದು ಇದೆಲ್ಲ ಆದ ಬಹಳ ವರ್ಷಗಳ ಮೇಲೆ. ಅಲ್ಲಿನ ಎರೆ ಹೊಲಗಳಲ್ಲೂ ಈಗ ಭತ್ತ ನಿಂತಿದೆ.