‘ಬೇಡ’ ಎಂದರೂ ಕೇಳದ ಪ್ರೋಗ್ರಾಂ

ಎಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಹಾಸನದ ಮನೆಯಲ್ಲಿ ಕೂತು ಅರ್ಜಿ ಹಾಕುವುದೇ ನನ್ನ ಕೆಲಸ. ‘ಅನುಭವ ಇದೆಯಾ?’ ಎಂದು ಕೇಳಿದರೆ ಉತ್ತರವಿರಲಿಲ್ಲ. ಕಾಲೇಜಿನ ಸೀನಿಯರ್ ಒಬ್ಬರು, ‘ಓಪನ್ ಸೋರ್ಸ್ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡು ಮಾರಾಯ್ತಿ, ಅಲ್ಲಿ ಅನುಭವದ ಸರ್ಟಿಫಿಕೇಟ್ ಯಾರೂ ಕೇಳಲ್ಲ’ ಎಂದರು. ಹಾಗೆ ಹುಡುಕಿದಾಗ ಸಿಕ್ಕಿದ್ದು ಫೋಟೊ, ಫೈಲುಗಳನ್ನು ಬ್ಯಾಕಪ್ ಮಾಡುವ ಪುಟ್ಟ ಪೈಥಾನ್ ತಂತ್ರಾಂಶ.

ಅಲ್ಲೊಂದು ದೂರು ಬಿದ್ದಿತ್ತು. ಬಳಕೆದಾರರೊಬ್ಬರು ಸೆಟ್ಟಿಂಗ್ಸ್ ಫೈಲಿನಲ್ಲಿ, ಹಳೆಯ ಪ್ರತಿಗಳನ್ನು ಅಳಿಸಬೇಕೇ ಎಂಬುದರ ಮುಂದೆ ‘ಫಾಲ್ಸ್’ ಎಂದು ಬರೆದಿದ್ದರು. ಆದರೂ ಪ್ರೋಗ್ರಾಂ ಎಲ್ಲವನ್ನೂ ಅಳಿಸಿತ್ತು. ಹೋದವುಗಳಲ್ಲಿ ಅವರ ಮಗುವಿನ ಮೊದಲ ವರ್ಷದ ಫೋಟೊಗಳೂ ಇದ್ದವು.

ಕಾರಣ ಸರಳ. ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಫೈಲಿನಿಂದ ಓದಿದ ಬೆಲೆಯನ್ನು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿಯಾಗಿಯೇ ಇಟ್ಟುಕೊಳ್ಳುತ್ತದೆ. ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಪೈಥಾನ್ ಲೆಕ್ಕದಲ್ಲಿ ‘ಟ್ರೂ’. ಹಾಗಾಗಿ ‘ಫಾಲ್ಸ್’ ಎಂಬ ಪದವೂ ‘ಟ್ರೂ’ ಆಗಿತ್ತು!

ನಾನು ಹತ್ತೇ ನಿಮಿಷದಲ್ಲಿ ಸರಿಪಡಿಸಿ ಕಳಿಸಿದೆ: ‘ಫಾಲ್ಸ್’ ಎಂದಿದ್ದರೆ ಅಳಿಸಬೇಡ, ಇಲ್ಲದಿದ್ದರೆ ಅಳಿಸು. ಪ್ರಾಜೆಕ್ಟ್ ನೋಡಿಕೊಳ್ಳುವವರು ಮೂರು ಪ್ರಶ್ನೆ ಕೇಳಿದರು. ಯಾರಾದರೂ ‘ನೋ’ ಎಂದು ಬರೆದರೆ? ‘ಆಫ್’ ಎಂದರೆ? ‘ಫಾಲ್ಸ್’ ಬರೆಯುವಾಗ ಒಂದಕ್ಷರ ತಪ್ಪಿದರೆ? ಮೂರಕ್ಕೂ ನನ್ನ ಕೋಡ್ ಕೊಡುತ್ತಿದ್ದ ಉತ್ತರ ಒಂದೇ: ಅಳಿಸು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅವರೇ ದಾರಿ ತೋರಿಸಿದರು. ಕೋಡ್ ಆಮೇಲೆ ಬರೆಯಿರಿ. ಸೆಟ್ಟಿಂಗ್ ಬೇಕಾದ ಪ್ರೋಗ್ರಾಮರ್ ಬರೆಯುವ ಒಂದು ಸಾಲು ಹೇಗಿರಬೇಕು, ತಪ್ಪು ಬರೆದ ಬಳಕೆದಾರನಿಗೆ ಯಾವ ಸಂದೇಶ ಕಾಣಬೇಕು, ಮೊದಲು ಅದನ್ನು ಬರೆದು ತೋರಿಸಿ ಎಂದರು. ಇಂಟರ್‌ಫೇಸ್ ವಿನ್ಯಾಸ ಎಂದರೆ ಇದೇ ಎಂದು ಆಗ ತಿಳಿಯಿತು.

ಕಾಗದದ ಮೇಲೆ ಬರೆಯುತ್ತಾ ಹೋದಂತೆ ನಿಯಮಗಳು ಸ್ಪಷ್ಟವಾದವು. ಎಲ್ಲ ಸೆಟ್ಟಿಂಗ್‌ಗಳ ಹೆಸರು, ಬಗೆ, ಡೀಫಾಲ್ಟ್ ಬೆಲೆ ಒಂದೇ ಕಡೆ ಇರಬೇಕು. ಒಂದೇ ಒಂದು ಫೈಲನ್ನು ಮುಟ್ಟುವ ಮೊದಲೇ ಎಲ್ಲವನ್ನೂ ಓದಿ ಪರೀಕ್ಷಿಸಬೇಕು. ಅರ್ಥವಾಗದಿದ್ದರೆ ಊಹಿಸಬಾರದು, ಯಾವ ಸೆಟ್ಟಿಂಗ್, ಏನು ಬರೆದಿದ್ದೀರಿ, ಏನು ಬರೆಯಬಹುದು ಎಂದು ಹೇಳಿ ನಿಲ್ಲಬೇಕು. ಸೆಟ್ಟಿಂಗ್‌ನ ಹೆಸರೇ ತಪ್ಪಿದ್ದರೂ ಎಚ್ಚರಿಸಬೇಕು. ಏನನ್ನೂ ಬರೆಯದಿದ್ದರೆ, ಹಾನಿಯಾಗದ ದಾರಿಯೇ ಡೀಫಾಲ್ಟ್: ಅಳಿಸಬೇಡ.

ತಮಾಷೆಯೆಂದರೆ, ಕಾನ್ಫಿಗ್‌ಪಾರ್ಸರ್‌ನಲ್ಲೇ ‘ಗೆಟ್‌ಬೂಲಿಯನ್’ ಎಂಬ ಸೌಲಭ್ಯವಿದೆ. ಯೆಸ್–ನೋ, ಆನ್–ಆಫ್, ಟ್ರೂ–ಫಾಲ್ಸ್, 1–0 ಎಲ್ಲವೂ ಅದಕ್ಕೆ ಗೊತ್ತು. ಬೇರೇನಾದರೂ ಬರೆದರೆ ದೋಷ ಎಂದು ಹೇಳುತ್ತದೆ. ದಾಖಲೆ ಓದದೆ ಕೋಡ್ ಬರೆಯಲು ಹೊರಟಿದ್ದು ನನ್ನ ತಪ್ಪು.

ಮೂರು ವಾರಗಳ ತಿದ್ದುಪಡಿಯ ನಂತರ ನನ್ನ ಕೋಡ್ ಪ್ರಾಜೆಕ್ಟ್‌ಗೆ ಸೇರಿತು. ಅರವತ್ತು ಸಾಲೂ ಇರಲಿಲ್ಲ. ಅಮ್ಮ, ‘ದುಡ್ಡೆಷ್ಟು ಕೊಟ್ರು?’ ಎಂದರು. ‘ಏನೂ ಇಲ್ಲಮ್ಮ’ ಎಂದಾಗ ಮುಖ ನೋಡಿ ಸುಮ್ಮನಾದರು.

ಕಳೆದ ತಿಂಗಳು ಒಂದು ಸಂದರ್ಶನದಲ್ಲಿ ಡೇಟಾ ಸ್ಟ್ರಕ್ಚರ್ ಪ್ರಶ್ನೆಗೆ ತಡವರಿಸಿದೆ. ಆದರೆ ‘ನೀವೇ ಮಾಡಿದ ಒಂದು ಕೆಲಸ ಹೇಳಿ’ ಎಂದಾಗ ಈ ಅರವತ್ತು ಸಾಲಿನ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡಿದೆ. ಎರಡನೇ ಸುತ್ತಿಗೆ ಕರೆ ಬಂದಿದೆ. ಕೆಲಸ ಸಿಗುತ್ತದೋ ಇಲ್ಲವೋ, ಈಗ ‘ಅನುಭವ ಇದೆಯಾ?’ ಎಂದರೆ ತಲೆ ತಗ್ಗಿಸುವುದಿಲ್ಲ.

ಆ ಮಗುವಿನ ಫೋಟೊಗಳು ಮಾತ್ರ ಮರಳಿ ಸಿಗಲಿಲ್ಲ. ಹೊಸದಾಗಿ ಕೋಡ್ ಬರೆಯಲು ಕೂತಾಗಲೆಲ್ಲ ಮೊದಲು ನೆನಪಾಗುವುದು ಅವೇ.