ಮೊದಲ ಗೇಮಿಂಗ್ ಕಂಪ್ಯೂಟರಿಗೆ ಪ್ರೊಸೆಸರಿನ ಆಯ್ಕೆ

ಬಿಡಿಭಾಗಗಳನ್ನು ಕೊಂಡು ತಂದು, ಗೇಮಿಂಗ್ ಕಂಪ್ಯೂಟರೊಂದನ್ನು ತಮ್ಮ ಕೈಯಿಂದಲೇ ಜೋಡಿಸಬೇಕೆಂಬ ಹಂಬಲದಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗುವ ತರುಣರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಪ್ರೊಸೆಸರನ್ನು. ಅದರಲ್ಲಿಯೂ ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಎಂಬ ಎರಡು ಅಂಕಿಗಳನ್ನು. ಪ್ರಶ್ನೆ ಸಹಜವಾದದ್ದೇ. ಆದರೆ ಆಡಬೇಕೆಂದಿರುವ ಆಟ ಯಾವುದು, ಅದನ್ನು ನೋಡುವ ಪರದೆ ಎಂತಹದು ಎಂಬುದು ನಿಶ್ಚಯವಾಗದೆ ಆ ಅಂಕಿಗಳಿಂದ ಏನೊಂದೂ ನಿರ್ಣಯವಾಗಲಾರದು.

ಆಟ ನಡೆಯುತ್ತಿರುವಾಗ ಕಂಪ್ಯೂಟರಿನೊಳಗೆ ಎರಡು ಬಗೆಯ ದುಡಿಮೆ ಏಕಕಾಲದಲ್ಲಿ ಸಾಗುತ್ತಿರುತ್ತದೆ. ಶತ್ರು ಯಾವ ಕಡೆಗೆ ತಿರುಗಬೇಕು, ಹಾರಿಸಿದ ಗುಂಡು ಎಲ್ಲಿ ತಗಲಿತು, ಕುಸಿದ ಗೋಡೆಯ ಚೂರುಗಳು ಹೇಗೆ ಉರುಳಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ, ಇಂತಿಂಥದನ್ನು ಚಿತ್ರಿಸು ಎಂದು ಆಜ್ಞಾಪಿಸುವುದು ಪ್ರೊಸೆಸರಿನ ಕಾರ್ಯ. ಆ ಆಜ್ಞೆಯಂತೆ ಪರದೆಯ ಲಕ್ಷಾಂತರ ಬಿಂದುಗಳಿಗೆ ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡಿನ ಕಾರ್ಯ. ಸೆಕೆಂಡಿಗೆ 60 ಫ್ರೇಮುಗಳು ಬೇಕೆಂದರೆ ಒಂದೊಂದಕ್ಕೂ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು, 144 ಬೇಕೆಂದರೆ ಏಳು ಮಿಲಿಸೆಕೆಂಡೂ ಇಲ್ಲ. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಆಟದ ವೇಗ.

ಪರದೆಯ ರೆಸಲ್ಯೂಶನ್ ಹೆಚ್ಚಿದಂತೆಲ್ಲ ಗ್ರಾಫಿಕ್ಸ್ ಕಾರ್ಡಿನ ಹೊರೆ ಬೆಳೆಯುತ್ತ ಹೋಗುತ್ತದೆ, ಪ್ರೊಸೆಸರಿನ ಹೊರೆಯಾದರೋ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದುದರಿಂದಲೇ ‘ಸೈಬರ್‌ಪಂಕ್ 2077’ ಆಟವನ್ನು 4ಕೆ ಪರದೆಯಲ್ಲಿ ಆಡುವವನಿಗೆ ಸಾಧಾರಣ ಪ್ರೊಸೆಸರಿಗೂ ದುಬಾರಿಯಾದದ್ದಕ್ಕೂ ಅಂತರ ಕಾಣುವುದು ಅಪರೂಪ. ‘ವ್ಯಾಲರಂಟ್’ ಅಥವಾ ‘ಕೌಂಟರ್-ಸ್ಟ್ರೈಕ್ 2’ ಆಟವನ್ನು 1080ಪಿ ಪರದೆಯಲ್ಲಿ ಸೆಕೆಂಡಿಗೆ 240 ಫ್ರೇಮುಗಳ ವೇಗದಲ್ಲಿ ಆಡಬಯಸುವವನಿಗೆ ಪ್ರೊಸೆಸರೇ ಸರ್ವಸ್ವ. ಹಳೆಯ ಕಂಪ್ಯೂಟರೊಂದು ಕೈಯಲ್ಲಿದ್ದರೆ ಇದನ್ನು ಪರೀಕ್ಷಿಸಿಯೇ ನೋಡಬಹುದು: ಆಟದ ಸೆಟ್ಟಿಂಗ್ಸಿನಲ್ಲಿ ರೆಸಲ್ಯೂಶನ್ ತಗ್ಗಿಸಿದರೂ ಫ್ರೇಮುಗಳ ಸಂಖ್ಯೆ ಏರದೆ ನಿಂತಲ್ಲಿಯೇ ನಿಂತರೆ ತಡೆ ಇರುವುದು ಬಹುಶಃ ಪ್ರೊಸೆಸರಿನಲ್ಲಿ.

ಇನ್ನು ಗಿಗಾಹರ್ಟ್ಸಿನ ವಿಚಾರ. 4 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿಗೆ ಒಂದು ಮಿಡಿತವೆಂದರೆ ಕಾಲು ನ್ಯಾನೋಸೆಕೆಂಡು. ಅದು ಕೇಳಿದ ಮಾಹಿತಿಯನ್ನು ರ‍್ಯಾಮ್ ತಂದೊಪ್ಪಿಸಲು ಹಿಡಿಯುವ ಕಾಲ ಎಪ್ಪತ್ತು ಎಂಬತ್ತು ನ್ಯಾನೋಸೆಕೆಂಡಿನ ಸುತ್ತಮುತ್ತ. ಅಂದರೆ ಇಷ್ಟೊಂದು ವೇಗಶಾಲಿಯಾದ ಯಂತ್ರವು ಒಂದು ಉತ್ತರಕ್ಕಾಗಿ ಸುಮಾರು ಮುನ್ನೂರು ಮಿಡಿತಗಳಷ್ಟು ಕಾಲ ಕಾಯಬೇಕಾಗಿ ಬರುವುದುಂಟು. ಈ ಕಾಯುವಿಕೆಯನ್ನು ತಗ್ಗಿಸಲೆಂದೇ ಪ್ರೊಸೆಸರಿನ ಒಡಲಲ್ಲಿ ಕ್ಯಾಶ್ ಎಂಬ ಚಿಕ್ಕ, ಅತಿ ಶೀಘ್ರವಾದ ನೆನಪಿನ ಭಂಡಾರವನ್ನು ಇರಿಸಿರುತ್ತಾರೆ. ಎಎಂಡಿ ಸಂಸ್ಥೆಯು 2022ರ ಏಪ್ರಿಲಿನಲ್ಲಿ ಹೊರತಂದ ರೈಜೆನ್ 7 5800ಎಕ್ಸ್3ಡಿಯಲ್ಲಿ ಚಿಪ್ಪಿನ ಮೇಲೆ ಇನ್ನೊಂದು ಪದರವನ್ನು ಹೊದಿಸಿ, 32 ಮೆಗಾಬೈಟಿನ ಎಲ್3 ಕ್ಯಾಶನ್ನು 96ಕ್ಕೆ ಏರಿಸಿತು. ಅದರ ಗರಿಷ್ಠ ವೇಗ 4.5 ಗಿಗಾಹರ್ಟ್ಸ್, ಅದರ ಸೋದರನಾದ 5800ಎಕ್ಸ್‌ನದು 4.7, ಹಾಗಿದ್ದೂ ಬಹುಪಾಲು ಆಟಗಳಲ್ಲಿ ಮುಂದಾದದ್ದು ಕಡಮೆ ಗಿಗಾಹರ್ಟ್ಸಿನ ಪ್ರೊಸೆಸರೇ. ಈ ಕ್ಷೇತ್ರದಲ್ಲಿ ಇಷ್ಟು ಚೆಲುವಾದ ನಿದರ್ಶನ ಮತ್ತೊಂದು ದೊರೆಯುವುದು ಕಷ್ಟ.

ಆದರೂ ಮೊದಲ ಬಾರಿಗೆ ಜೋಡಿಸುವವನು ಅಂತಹ ದುಬಾರಿ ಪ್ರೊಸೆಸರಿಗೇ ಕೈಹಾಕಬೇಕೆಂದು ನಾನು ಹೇಳೆನು. ಆರು ಕೋರುಗಳುಳ್ಳ ರೈಜೆನ್ 5 5600 ಅಥವಾ ಇಂಟೆಲಿನ ಕೋರ್ ಐ5-12400ಎಫ್, ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡಿನ ಜೊತೆಗೆ 1080ಪಿ ಪರದೆಗೆ ಧಾರಾಳವಾಗಿ ಸಾಕು. ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೇ ಸಲ್ಲತಕ್ಕದ್ದು. ಕೈ ಸ್ವಲ್ಪ ಸಡಿಲವಾಗಿದ್ದರೆ ರೈಜೆನ್ 5 7600 ಮೇಲು, ಏಕೆಂದರೆ ಅದು ಕೂರುವ ಎಎಂ5 ಸಾಕೆಟ್ಟಿಗೆ ಮುಂದಣ ದಾರಿಯುಂಟು. ಇದಕ್ಕೆ ಹಿಂದಿನ ಎಎಂ4 ಸಾಕೆಟ್ಟು ಹಳತಾದರೂ ಅದರ ಚರಿತ್ರೆ ಭರವಸೆ ಹುಟ್ಟಿಸುವಂತಹುದು: 2017ರ ಮೊದಲ ರೈಜೆನ್ ಕೂತ ಮದರ್‌ಬೋರ್ಡುಗಳಲ್ಲಿ ಎಷ್ಟೋ, ಬಯೋಸ್ ಅಪ್‌ಡೇಟ್ ಒಂದರಿಂದಲೇ 2022ರ 5800ಎಕ್ಸ್3ಡಿಯನ್ನೂ ಸ್ವೀಕರಿಸಿದವು. ಎಎಂ5 ಬಯಸುವುದು ಡಿಡಿಆರ್5 ರ‍್ಯಾಮನ್ನು ಮಾತ್ರ. ಹಳೆಯ ಡಿಡಿಆರ್4 ಅದರಲ್ಲಿ ಕೂರುವುದೇ ಇಲ್ಲವೆಂಬುದನ್ನು ಲೆಕ್ಕ ಹಾಕುವಾಗಲೇ ನೆನಪಿನಲ್ಲಿಡಬೇಕು.

ಹೆಸರಿನ ಕೊನೆಯ ಅಕ್ಷರವನ್ನೂ ಗಮನಿಸಬೇಕು. ಇಂಟೆಲಿನಲ್ಲಿ ಎಫ್ ಎಂದಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡಿಲ್ಲದೆ ಪರದೆಯಲ್ಲಿ ಏನೂ ಮೂಡದು. ರೈಜೆನ್ 5 5600ಜಿಯಲ್ಲಿ ಗ್ರಾಫಿಕ್ಸ್ ಉಂಟು, ಆದರೆ ಅದರ ಎಲ್3 ಕ್ಯಾಶ್ 16 ಮೆಗಾಬೈಟು, 5600ರ ಅರ್ಧ.

ಕೊಂಡು ತಂದ ಮೇಲೆ ಕೂರಿಸುವಾಗ ಅವಸರ ಸಲ್ಲದು. ಪ್ರೊಸೆಸರಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನವಿರುತ್ತದೆ; ಸಾಕೆಟ್ಟಿನ ಗುರುತಿಗೆ ಅದನ್ನು ಹೊಂದಿಸಿ, ಅಂಚುಗಳಲ್ಲಿ ಹಿಡಿದು, ಒತ್ತದೆ ಇಳಿಬಿಟ್ಟರೆ ತಾನಾಗಿಯೇ ಕೂರುತ್ತದೆ. ಎಎಂ5ರಲ್ಲಿಯೂ ಇಂಟೆಲಿನಲ್ಲಿಯೂ ಕೂದಲೆಳೆಯಂತಹ ಪಿನ್ನುಗಳು ಇರುವುದು ಸಾಕೆಟ್ಟಿನಲ್ಲಿ. ಬೆರಳು ತಗಲಿದರೆ ಬಾಗುತ್ತವೆ. ಅನಂತರ ಸನ್ನೆಯನ್ನು ಕೆಳಕ್ಕೆ ಒತ್ತುವಾಗ ಬಲ ಬೇಕಾಗುತ್ತದೆ, ಕಿರ್ರೆಂಬ ಸದ್ದೂ ಬರಬಹುದು, ಹೆದರಬೇಕಾದುದಿಲ್ಲ. ಆ ಹೊತ್ತಿಗೆ ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕಳಚಿ ಮೇಲೇಳುತ್ತದೆ. ಅದನ್ನು ಬಿಸುಡದೆ ಪೆಟ್ಟಿಗೆಯಲ್ಲಿ ಕಾಯ್ದಿರಿಸಬೇಕು. ವಾರಂಟಿಗಾಗಿ ಬೋರ್ಡನ್ನು ಹಿಂದಿರುಗಿಸುವ ಸಂದರ್ಭ ಬಂದರೆ ತಯಾರಕರು ಅದನ್ನು ಕೇಳುವುದುಂಟು.