ತಂಪಿನಾಗ ಎಲ್ಲಾ ನಿಂತ್ಹೋಗತದೇನು?

ಹೋದ ತಿಂಗಳು ಇದೇ ಗೋಡೆಯ ಮೇಲೆ ನಾನು ಬಿಸಿಲಿನ ಬಗ್ಗೆ ಒಂದು ಲೇಖನ ಬರೆದಿದ್ದೆ. ಅದರ ಕೊನೆಯ ಸಾಲು: ‘ತಂಪು ಹೆಚ್ಚಾದಂತೆ ರಾಸಾಯನಿಕ ಕ್ರಿಯೆ ನಿಧಾನವಾಗಿ ಕೊನೆಗೆ ಪೂರ್ತಿ ನಿಂತುಹೋಗುತ್ತದೆ.’ ಈ ಸಾಲು ತಪ್ಪು. ಈ ತಪ್ಪಿನಿಂದ ನಮ್ಮ ಮನೆಯಾಗ ಒಂದು ಡಜನ್ ಬಾಳೆಹಣ್ಣು ಹಾಳಾದವು.

ಕಲಬುರಗಿಯಲ್ಲಿ ಅಕ್ಕನ ಮನೆಯಲ್ಲಿ ನಮ್ಮ ಆಯಿ ಹಾಸಿಗೆ ಹಿಡಿದಿದ್ದಳು. ಕಮಲಾಪುರದ ಕೆಂಪು ಬಾಳೆ ಅಂದ್ರ ಆಕೆಗೆ ಜೀವ. ಇನ್ನೂ ಕಾಯಿ ಇದ್ದವನ್ನು ಬಸ್ಸಿನಾಗ ಒಯ್ದು, ವಾರ ಬಾಳಲಿ ಅಂತ ನಾನೇ ಫ್ರಿಜ್ಜಿನಲ್ಲಿ ಇಡಿಸಿದೆ. “ತಂಪಿನಾಗ ಏನೂ ಆಗಂಗಿಲ್ಲ, ನಾ ಬರ್ದೀನಿ” ಅಂದೆ. ಕೆಲವು ದಿನದಲ್ಲಿ ಸಿಪ್ಪೆ ಇದ್ದಿಲಿನಂತೆ ಕಪ್ಪಾಯಿತು, ಒಳಗೆ ಮಾತ್ರ ಗಟ್ಟಿ ಕಾಯಿ. ಆಯಿ ನೋಡಿ ಮುಖ ತಿರುವಿದಳು.

ಗುರುಗಳಿಗೆ ಕೇಳಿದಾಗ ತಿಳಿಯಿತು. ಸುಮಾರು 13 ಡಿಗ್ರಿಗಿಂತ ಕೆಳಗೆ ಬಾಳೆಯ ಜೀವಕೋಶದ ಪೊರೆ ಕೆಡುತ್ತದೆ. ಬೇರೆ ಬೇರೆ ಇದ್ದ ರಸಗಳು ಕೂಡಿ, ಆಮ್ಲಜನಕದ ಜೊತೆ ಸೇರಿ ಕಪ್ಪು ಬಣ್ಣ ಮಾಡುತ್ತವೆ. ಮಾಗುವುದು ನಿಂತಿತು, ಕಪ್ಪಾಗುವುದು ಸುರು ಆಯ್ತು.

ಹಂಗಾದ್ರ ಇನ್ನೂ ತಂಪು ಮಾಡಿದ್ರ? ದನದ ದವಾಖಾನೆಗಳಲ್ಲಿ ದ್ರವ ಸಾರಜನಕದ ಡಬ್ಬಿ ಇರತದ, -196 ಡಿಗ್ರಿ. ಅದರಲ್ಲಿಟ್ಟ ಹೋರಿಯ ವೀರ್ಯ ವರ್ಷಗಟ್ಟಲೆ ಕೆಡುವುದಿಲ್ಲ. ಅಲ್ಲಿ ನನ್ನ ಸಾಲು ಹೆಚ್ಚುಕಡಿಮೆ ಖರೆ. ಯಾಕಂದ್ರ ಅಣುಗಳು ಕ್ರಿಯೆ ನಡೆಸಲು ಸಾಮಾನ್ಯವಾಗಿ ಮೊದಲೊಂದು ದಿಬ್ಬ ಹತ್ತಬೇಕು. ಹತ್ತಲು ವೇಗ ಬೇಕು. ನಮ್ಮ ಮೇ ತಿಂಗಳ ಬಿಸಿಲಿನಾಗ ಗಾಳಿಯ ಅಣು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ತಂಪಾದಂತೆ ಓಟ ಕಡಿಮೆ.

ಆದರೆ ದಿಬ್ಬವೇ ಇಲ್ಲದ ಕ್ರಿಯೆಗಳೂ ಅವ. ಅಮೆರಿಕದ ಬೌಲ್ಡರ್ ಊರಿನಲ್ಲಿ ಡೆಬೊರಾ ಜಿನ್, ಜುನ್ ಯೆ ಮತ್ತು ಸಂಗಡಿಗರು ಪೊಟ್ಯಾಸಿಯಂ ಹಾಗೂ ರುಬಿಡಿಯಂ ಪರಮಾಣುಗಳನ್ನು ಜೋಡಿಸಿ ಅಣು ಮಾಡಿದರು. ಗಾಳಿ ತೆಗೆದ ಪಾತ್ರೆಯಲ್ಲಿ ಲೇಸರ್ ಬೆಳಕೇ ಅವನ್ನು ಹಿಡಿದು ನಿಲ್ಲಿಸುತ್ತದೆ. ತಂಪು ಎಷ್ಟು? -273.15 ಡಿಗ್ರಿಗಿಂತ ಕೆಳಗೆ ಹೋಗಲು ಆಗುವುದಿಲ್ಲ. ಇವು ಅದಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷದ ಒಂದು ಪಾಲಿನಷ್ಟೂ ಮೇಲಿರಲಿಲ್ಲ! ವೇಗ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್. ನಮ್ಮ ಅಂಗಳದ ಇರುವೆ ಇದಕ್ಕಿಂತ ಜೋರ ನಡೀತದ.

ಆದರೂ ಕ್ರಿಯೆ ನಡೆಯಿತು. ಎರಡು ಅಣು ಕೂಡಿ ಜೋಡಿ ಬದಲಿಸಿದವು: ಪೊಟ್ಯಾಸಿಯಂ ಪೊಟ್ಯಾಸಿಯಂ ಜೊತೆ, ರುಬಿಡಿಯಂ ರುಬಿಡಿಯಂ ಜೊತೆ. ಇದು ಪ್ರಕಟವಾದದ್ದು 2010ರಲ್ಲಿ. ಇಷ್ಟು ನಿಧಾನವಾದ ಅಣು ಗೋಲಿಯಂತೆ ಇರುವುದಿಲ್ಲ, ಅಲೆಯಂತೆ ತನ್ನ ಗಾತ್ರದ ನೂರಾರು ಪಟ್ಟು ಹರಡುತ್ತದೆ. ತೀರ ಒಂದೇ ಸ್ಥಿತಿಯ ಎರಡು ಅಣುಗಳ ನಡುವೆ ಒಂದು ತಡೆ ಇರತದ. ಅದನ್ನು ಹತ್ತದೆ ತೂರಿಯೇ ಹೋಗತಾವು! ಬೇರೆ ಬೇರೆ ಸ್ಥಿತಿಯವನ್ನು ಬೆರೆಸಿದಾಗ ಕ್ರಿಯೆ 10ರಿಂದ 100 ಪಟ್ಟು ಜೋರಾಯಿತು. ಇದನ್ನು ನಾನು ಮೂರು ಸಲ ಓದಿದ ಮೇಲೆ ನಂಬಿದೆ. 2019ರಲ್ಲಿ ಹಾರ್ವರ್ಡ್‌ನ ಕಾಂಗ್-ಕುಯೆನ್ ನಿ ಅವರ ತಂಡ, ಜೋಡಿ ಬದಲಾಗುವ ನಡುವೆ ನಾಲ್ಕೂ ಪರಮಾಣು ಒಟ್ಟಿಗೆ ಇರುವ ಗಳಿಗೆಯನ್ನೇ ಪತ್ತೆ ಹಚ್ಚಿತು.

ನಮ್ಮ ರಾಜ್ಯದಲ್ಲೂ ಇಂಥ ಕೆಲಸ ನಡೆದದ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಾದಿಕ್ ರಂಗವಾಲಾ ಅವರ ತಂಡ ತಂಪು ರುಬಿಡಿಯಂ ಪರಮಾಣುಗಳ ನಡುವೆ ರುಬಿಡಿಯಂ ಅಯಾನುಗಳನ್ನು ಇಟ್ಟು ನೋಡಿತು. 2012ರಲ್ಲಿ ವರದಿ ಬಂತು. ಅಯಾನು ಅಂದ್ರ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು. ಓಡಿ ಬಂದವ ಸುಮ್ಮನೆ ಕುಂತವನ ಪಟಗಾ ಕಸಿದುಕೊಂಡು ಹೋದಂತೆ, ವೇಗದ ಅಯಾನು ತಂಪು ಪರಮಾಣುವಿನ ಎಲೆಕ್ಟ್ರಾನ್ ಕಸಿಯುತ್ತದೆ. ಈಗ ಕುಂತವನೇ ಅಯಾನು, ಅದೂ ತಂಪು ಅಯಾನು.

ನನ್ನ ಹಳೆಯ ಲೇಖನ ಎಡ ಮೂಲೆಯಲ್ಲಿ ಇನ್ನೂ ಅಂಟಿದೆ. ಕೊನೆಯ ಸಾಲಿಗೆ ಕೆಂಪು ಮಸಿ ಹೊಡೆದೀನಿ. ಆಯಿಗೆ ಮತ್ತೊಂದು ಚಿಪ್ಪು ಬಾಳೆ ಕಳಿಸೀವಿ. ಈ ಸಲ ಅಕ್ಕ ಅದನ್ನ ಅಡುಗೆಮನಿ ಗೂಟಕ್ಕ ನೇತುಹಾಕ್ಯಾಳ.